ಬರೀ ಕೂತಿದಾರೆ

ನಮ್ಮಕ್ಕನ ಮಗ ಮಿಲಿಟರಿ ಸೇರ್ತೀನಿ ಅಂತ ಹೊರಟಿದ್ದಾನೆ. ಭರ್ತಿ ಪರೀಕ್ಷೆಗೆ ಓದಿಕೊಳ್ಳೋಕೆ ಅಂತ ಅರಸೀಕೆರೆ ಕಡೆಯಿಂದ ಬಂದು ಮೂರು ತಿಂಗಳಿಂದ ನಮ್ಮನೆಯಲ್ಲೇ ಇದ್ದಾನೆ. ಬೆಳಿಗ್ಗೆ ಐದಕ್ಕೆದ್ದು ಪಾರ್ಕಿನ ಸುತ್ತ ಓಡ್ತಾನೆ, ಬಂದು ಆರು ಇಡ್ಲಿ ತಿಂತಾನೆ, ಆಮೇಲೆ ಬಾಗಿಲು ಹಾಕಿಕೊಂಡು ಓದ್ತಾನೆ. ಮಿಲಿಟರಿ ಅಂದರೆ ಅವನ ಪಾಲಿಗೆ ಇರೋದು ಒಂದೇ: ಪ್ಯಾರಾ. ಮೊಬೈಲಿನ ವಾಲ್‌ಪೇಪರಿನಲ್ಲಿ ಮೆರೂನ್ ಬಣ್ಣದ ಟೋಪಿ, ಸ್ಟೇಟಸ್ಸಿನಲ್ಲಿ ವಿಮಾನದ ಬಾಗಿಲಿಂದ ಒಬ್ಬರ ಹಿಂದೊಬ್ಬರು ಹಾರುವ ಸೈನಿಕರು. ಇದಕ್ಕೆಲ್ಲ ಮೂಲ 2019ರ 'ಉರಿ' ಸಿನಿಮಾ. ಅದನ್ನು ನೋಡಿದಾಗ ಅವನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದ. ಆವತ್ತು ತಲೆಗೆ ಏರಿದ್ದು ಇನ್ನೂ ಇಳಿದಿಲ್ಲ.

ಅಕ್ಕ ವಾರಕ್ಕೊಂದು ಸಲ ಫೋನ್ ಮಾಡಿ "ಅವನಿಗೆ ಸ್ವಲ್ಪ ಬುದ್ಧಿ ಹೇಳೋ, ಮಿಲಿಟರೀಲೇ ಬೇರೆ ಏನಾದ್ರೂ ನೋಡ್ಕೋ ಅನ್ನು" ಅಂತಾಳೆ. ಬುದ್ಧಿ ಹೇಳೋದು ನನ್ನಿಂದಾಗದ ಕೆಲಸ. ಅದಕ್ಕೇ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಎ ಬ್ರಿಡ್ಜ್ ಟೂ ಫಾರ್' ಹಾಕಿದೆ. 1977ರ ಸಿನಿಮಾ. ನಿರ್ದೇಶಕ ರಿಚರ್ಡ್ ಅಟೆನ್‌ಬರೊ, ಮುಂದೆ 'ಗಾಂಧಿ' ಮಾಡಿದನಲ್ಲ, ಅವನೇ. ಪ್ಯಾರಾಚೂಟ್ ಸೈನಿಕರ ಬಗ್ಗೆ ಇದಕ್ಕಿಂತ ದೊಡ್ಡ ಸಿನಿಮಾ ಇಲ್ಲ.

ಮೊದಲ ಒಂದು ಗಂಟೆ ಹುಡುಗ ಕಣ್ಣು ಮಿಟುಕಿಸಲಿಲ್ಲ. ಸಾಲುಸಾಲು ಡಕೋಟಾ ವಿಮಾನಗಳು, ಗ್ಲೈಡರುಗಳು, ಆಕಾಶದ ತುಂಬ ಬಿಳಿ ಛತ್ರಿಗಳು. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಕಾಣಿಸೋರೆಲ್ಲ ನಿಜವಾಗಿ ಹಾರಿದವರೇ. ಹಾರಿದ ಮೇಲೆ ಸಿನಿಮಾ ನೆಲಕ್ಕಿಳಿಯಿತು. ಒಂದು ಸೇತುವೆಯ ತುದಿ, ಅದರ ಪಕ್ಕದ ಮನೆಗಳು, ಮನೆಗಳ ಕಿಟಕಿಗಳಲ್ಲಿ ರೈಫಲ್ ಹಿಡಿದ ಒಂದಷ್ಟು ಜನ. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆ ಕಳೆಯಿತು. ಹುಡುಗ ಒಂದು ಸಲ ಮೊಬೈಲ್ ನೋಡಿಕೊಂಡ, ಇನ್ನೊಂದು ಸಲ ನೋಡಿಕೊಂಡ, ಆಮೇಲೆ ತಡೆಯೋಕಾಗದೆ ಅಂದ: "ಮಾವ, ಇನ್ನೇನೂ ಆಗ್ತಾ ಇಲ್ಲ. ಬರೀ ಕೂತಿದಾರೆ."

ಈ ಸಿನಿಮಾ ನಾಲ್ಕೈದು ಸಲ ನೋಡಿದೀನಿ, ಇದರ ಬಗ್ಗೆ ಬರೆದಿರೋದನ್ನೂ ಸಾಕಷ್ಟು ಓದಿದೀನಿ. ಇಷ್ಟು ಸರಿಯಾದ ವಿಮರ್ಶೆ ಎಲ್ಲೂ ಸಿಕ್ಕಿರಲಿಲ್ಲ.

ಕತೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. 1944ರ ಸೆಪ್ಟೆಂಬರ್. ನಾರ್ಮಂಡಿಯಲ್ಲಿ ಗೆದ್ದ ಮಿತ್ರಪಡೆಗಳು ಬೆಲ್ಜಿಯಂವರೆಗೆ ನುಗ್ಗಿ ಬಂದಿವೆ. ಮಾಂಟ್ಗೊಮರಿ ಒಂದು ಯೋಜನೆ ಹಾಕಿದ: ಹಾಲೆಂಡಿನ ನದಿ, ಕಾಲುವೆಗಳ ಮೇಲಿನ ಸೇತುವೆಗಳನ್ನೆಲ್ಲ ಪ್ಯಾರಾಚೂಟ್ ಪಡೆಗಳು ಒಂದೇ ಏಟಿಗೆ ಹಿಡಿಯಬೇಕು, ಆ ಸೇತುವೆಗಳ ಮೇಲೆ ಟ್ಯಾಂಕುಗಳು ಓಡಿ ಬಂದು ರೈನ್ ನದಿ ದಾಟಿ ಜರ್ಮನಿಯೊಳಗೆ ಇಳಿಯಬೇಕು, ಕ್ರಿಸ್‌ಮಸ್ಸಿನ ಹೊತ್ತಿಗೆ ಯುದ್ಧ ಮುಗಿಯಬೇಕು. ಹೆಸರು ಆಪರೇಷನ್ ಮಾರ್ಕೆಟ್ ಗಾರ್ಡನ್. ಮಾರ್ಕೆಟ್ ಅಂದರೆ ಆಕಾಶದಿಂದ ಇಳಿಯೋರು, ಗಾರ್ಡನ್ ಅಂದರೆ ನೆಲದ ಮೇಲೆ ಬರೋರು. ಅಮೆರಿಕದ ಎರಡು ಡಿವಿಷನ್ ಹತ್ತಿರದ ಸೇತುವೆಗಳಿಗೆ, ಬ್ರಿಟಿಷರ 1ನೇ ಏರ್‌ಬೋರ್ನ್ ಡಿವಿಷನ್ ಎಲ್ಲಕ್ಕಿಂತ ದೂರದ ಆರ್ನೆಮ್ ಸೇತುವೆಗೆ. ನೆಲದ ಪಡೆ ಬರಬೇಕಾದದ್ದು ಒಂದೇ ರಸ್ತೆಯಲ್ಲಿ, ಸುಮಾರು 100 ಕಿಲೋಮೀಟರ್. ಆರ್ನೆಮ್‌ನವರಿಗೆ ಹೇಳಿದ್ದು: ಎರಡು ದಿನ ಹಿಡಿದಿಟ್ಟುಕೊಳ್ಳಿ, ಬರ್ತೀವಿ.

'ಹಿಡಿದಿಟ್ಟುಕೊಳ್ಳಿ' ಅನ್ನೋ ಈ ಮಾತಿನಲ್ಲೇ ಪ್ಯಾರಾಚೂಟ್ ಸೈನಿಕನ ಕೆಲಸವೆಲ್ಲ ಅಡಗಿದೆ. ಹಾರೋದು ಅವನ ಕೆಲಸ ಅಲ್ಲ, ಅದು ಕೆಲಸಕ್ಕೆ ಹೋಗೋ ದಾರಿ. ನಾವು ಬಿಎಂಟಿಸಿ ಬಸ್ಸಿನಲ್ಲಿ ಆಫೀಸಿಗೆ ಹೋದ ಹಾಗೆ (ಸರಿ, ಅಷ್ಟು ಸುಲಭ ಅಲ್ಲ, ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದವರು ನನ್ನನ್ನು ಕ್ಷಮಿಸ್ತಾರೆ). ಸಾವಿರ ಅಡಿ ಚಿಲ್ಲರೆ ಎತ್ತರದಿಂದ ಹಾರಿದರೆ ನೆಲ ಮುಟ್ಟೋಕೆ ಒಂದು ನಿಮಿಷ. ವಿಮಾನದೊಳಗಿನ ತಂತಿಗೆ ಕೊಕ್ಕೆ ಹಾಕಿದ ಪಟ್ಟಿಯೇ ಛತ್ರಿಯನ್ನು ಎಳೆದು ಬಿಚ್ಚುತ್ತೆ. ಸೈನಿಕ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಆಯಿತು. ಧೈರ್ಯ ಬೇಕು, ನಿಜ. ಕಷ್ಟ ಶುರುವಾಗೋದು ಆಮೇಲೆ. ಶತ್ರುವಿನ ಬೆನ್ನ ಹಿಂದೆ ಇಳಿದಿದ್ದಾನೆ. ಟ್ಯಾಂಕ್ ಇಲ್ಲ, ಭಾರಿ ಫಿರಂಗಿ ಇಲ್ಲ, ಲಾರಿಯೂ ಇಲ್ಲ. ಬೆನ್ನ ಮೇಲೆ ಹೊತ್ತು ತಂದ ಗುಂಡು, ಬ್ಯಾಗಿನಲ್ಲಿ ಎರಡು ಮೂರು ದಿನದ ಊಟ. ಅಲ್ಲಿಂದ ಮುಂದೆ ಅವನು ಭೂಮಿಯ ಮೇಲಿನ ಅತ್ಯಂತ ಬಡ ಕಾಲಾಳು. ಯಾರಾದರೂ ನೆಲದ ಮೇಲೆ ನಡೆದು ಬಂದು ಅವನನ್ನು ಸೇರಿಕೊಳ್ಳುವ ತನಕ ಅವನು ಬದುಕಿರಬೇಕು, ಹಿಡಿದದ್ದನ್ನು ಬಿಡಬಾರದು. ಸೇನೆಯವರು ಇದನ್ನು ಲಿಂಕ್-ಅಪ್ ಅಂತಾರೆ. ಲಿಂಕ್-ಅಪ್ ಆದರೆ ಗೆಲುವು, ಇಲ್ಲವಾದರೆ ಅಷ್ಟೂ ಜನ ಕೈದಿಗಳು ಅಥವಾ ಹೆಣ.

ಅಟೆನ್‌ಬರೊ ಮತ್ತು ಚಿತ್ರಕತೆ ಬರೆದ ವಿಲಿಯಂ ಗೋಲ್ಡ್‌ಮನ್ ಇದನ್ನು ಅರ್ಥ ಮಾಡಿಕೊಂಡಿದ್ದರು. ಕಾರ್ನೀಲಿಯಸ್ ರಯನ್ ಬರೆದ ದಪ್ಪ ಪುಸ್ತಕ ಅವರ ಕೈಯಲ್ಲಿತ್ತು. ಅದರಲ್ಲಿರುವ ನೂರಾರು ಘಟನೆಗಳಲ್ಲಿ ಸಾಹಸದವನ್ನು ಮಾತ್ರ ಹೆಕ್ಕಿಕೊಂಡಿದ್ದರೆ ಎರಡು ಗಂಟೆಯ ಮಜವಾದ ಸಿನಿಮಾ ಆಗ್ತಿತ್ತು. ಅವರು ಸುಮಾರು ಮೂರು ಗಂಟೆಯ ಸಿನಿಮಾ ಮಾಡಿ ಅದರ ಬಹುಪಾಲನ್ನು ಕಾಯೋದಕ್ಕೆ ಕೊಟ್ಟರು. ಜಾನ್ ಫ್ರಾಸ್ಟ್‌ನ ಪಾತ್ರದಲ್ಲಿ ಆಂಥನಿ ಹಾಪ್ಕಿನ್ಸ್ ಇದ್ದಾನೆ. ಇಡೀ ಡಿವಿಷನ್ ಹಿಡಿಯಬೇಕಿದ್ದ ಸೇತುವೆಯ ಉತ್ತರ ತುದಿಗೆ ತಲುಪಿದ್ದು ಫ್ರಾಸ್ಟ್‌ನ 2ನೇ ಬೆಟಾಲಿಯನ್ ಮತ್ತು ಜೊತೆಗೆ ಸೇರಿಕೊಂಡ ಚೂರುಪಾರು, ಒಟ್ಟು ಸುಮಾರು 740 ಜನ. ಎರಡು ದಿನ ಅಂದಿದ್ದರಲ್ಲ, ಅವರು ಹಿಡಿದದ್ದು ಮೂರು ಹಗಲು, ನಾಲ್ಕು ರಾತ್ರಿ. ಹಾಪ್ಕಿನ್ಸ್ ಇಲ್ಲಿ ಒಂದು ಸಲವೂ ಕಿರುಚೋದಿಲ್ಲ. ಕಿಟಕಿಯಿಂದ ನೋಡ್ತಾನೆ, ಎಷ್ಟು ಗುಂಡು ಉಳಿದಿದೆ ಕೇಳ್ತಾನೆ, ಮತ್ತೆ ನೋಡ್ತಾನೆ. ಶೂಟಿಂಗಿಗೆ ಸಲಹೆಗಾರನಾಗಿ ಬಂದಿದ್ದವನು ಸ್ವತಃ ಫ್ರಾಸ್ಟ್. ರಸ್ತೆ ದಾಟುವಾಗ ನೀನು ಜಾಸ್ತಿ ಜೋರಾಗಿ ಓಡ್ತಾ ಇದೀಯ, ಗುಂಡಿಗೆ ಅಷ್ಟೊಂದು ಮರ್ಯಾದೆ ಕೊಡಬಾರದು ಅನ್ನುವ ಅರ್ಥದ ಮಾತು ಹಾಪ್ಕಿನ್ಸ್‌ಗೆ ಹೇಳಿದ್ದನಂತೆ. ಆ ಸೇತುವೆಗೆ ಈಗ ಫ್ರಾಸ್ಟ್‌ನ ಹೆಸರೇ ಇದೆ. ಆದರೆ ಸಿನಿಮಾದಲ್ಲಿ ಕಾಣೋದು ಅದಲ್ಲ. ಆರ್ನೆಮ್ ಪೂರ್ತಿ ಬದಲಾಗಿದ್ದರಿಂದ ಡೆವೆಂಟರ್ ಅನ್ನೋ ಊರಿನ ಸೇತುವೆಯಲ್ಲಿ ಚಿತ್ರೀಕರಿಸಿದರು.

ಕಾಯೋದರ ಒಂದೊಂದು ಹಂತವನ್ನೂ ಸಿನಿಮಾ ತಾಳ್ಮೆಯಿಂದ ತೋರಿಸುತ್ತೆ. ಇಳಿಯುವ ಜಾಗ ಸೇತುವೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರ. ಅಂದರೆ ಅನಿರೀಕ್ಷಿತ ದಾಳಿಯ ಲಾಭ ನಡಿಗೆಯಲ್ಲೇ ಸೋರಿಹೋಯಿತು. ಎಲ್ಲರನ್ನೂ ಒಂದೇ ದಿನ ಇಳಿಸುವಷ್ಟು ವಿಮಾನಗಳಿಲ್ಲ; ಮೊದಲ ದಿನ ಇಳಿದವರಲ್ಲಿ ಒಂದು ಪಾಲು ಜನ ಮರುದಿನ ಇಳಿಯೋರಿಗಾಗಿ ಮೈದಾನ ಕಾಯುತ್ತಾ ನಿಲ್ಲಬೇಕು. ವೈರ್‌ಲೆಸ್ಸು ಕೆಲಸ ಮಾಡಲಿಲ್ಲ. ಡಿವಿಷನ್ನಿನ ಮುಖ್ಯಸ್ಥ ಅರ್ಕ್ಹಾರ್ಟ್ (ಶಾನ್ ಕಾನರಿ) ತನ್ನ ಪಡೆಗಳನ್ನು ಹುಡುಕಿಕೊಂಡು ತಾನೇ ಹೊರಟು, ಜರ್ಮನ್ನರ ಮಧ್ಯೆ ಸಿಕ್ಕಿಕೊಂಡು ಯಾರದೋ ಮನೆಯ ಅಟ್ಟದಲ್ಲಿ ಅಡಗಿ ಕೂರಬೇಕಾಯಿತು. ಇದು ಸಿನಿಮಾದವರು ಕಟ್ಟಿದ ಕತೆ ಅಂದುಕೊಳ್ಳಬೇಡಿ, ನಿಜವಾಗಿ ನಡೆದದ್ದು. ಎಲ್ಲಕ್ಕಿಂತ ಮಿಗಿಲಾಗಿ, ವಿಶ್ರಾಂತಿಗೆ ಅಂತ ಜರ್ಮನ್ನರ ಎರಡು ಎಸ್‌ಎಸ್ ಪ್ಯಾನ್ಸರ್ ಡಿವಿಷನ್ನುಗಳು ಅಲ್ಲೇ ಆಸುಪಾಸಿನಲ್ಲಿದ್ದವು. ವಿಮಾನದಿಂದ ತೆಗೆದ ಫೋಟೊಗಳಲ್ಲಿ ಟ್ಯಾಂಕುಗಳನ್ನು ಗುರುತಿಸಿದ ಯುವ ಗುಪ್ತಚರ ಅಧಿಕಾರಿಯನ್ನು 'ನಿನಗೆ ಸುಸ್ತಾಗಿದೆ, ರಜೆ ತಗೋ' ಅಂತ ಮನೆಗೆ ಕಳಿಸಿದರು. ಸಿನಿಮಾದಲ್ಲಿ ಅವನ ಹೆಸರು ಫುಲ್ಲರ್. ನಿಜವಾದ ಹೆಸರು ಬ್ರಯನ್ ಅರ್ಕ್ಹಾರ್ಟ್. ಇಬ್ಬರು ಅರ್ಕ್ಹಾರ್ಟ್ ಆದರೆ ಪ್ರೇಕ್ಷಕರಿಗೆ ಗೊಂದಲ ಅಂತ ಬದಲಿಸಿದ್ದು. ಮುಂದೆ ಇವನು ವಿಶ್ವಸಂಸ್ಥೆ ಸೇರಿ ಅಲ್ಲಿನ ಶಾಂತಿಪಾಲನಾ ಪಡೆಗಳನ್ನು ಕಟ್ಟಿದವರಲ್ಲಿ ಒಬ್ಬನಾದ. ಒಂದು ಸಲ ಸತ್ಯ ಹೇಳಿ ರಜೆ ಸಿಕ್ಕ ಮೇಲೆ ಮನುಷ್ಯ ಬೇರೆ ಕೆಲಸ ಹುಡುಕಿಕೊಳ್ಳಲೇಬೇಕಲ್ಲ.

ಈಗ ಆ ಡಬ್ಬಿಯ ದೃಶ್ಯಕ್ಕೆ ಬರ್ತೀನಿ. ಸಿನಿಮಾ ನೋಡಿದವರು ಬೇರೆಲ್ಲ ಮರೆತರೂ ಇದನ್ನು ಮರೆಯೋದಿಲ್ಲ. ವಿಮಾನಗಳು ಸಾಮಾನು ಹಾಕಬೇಕಾದ ಜಾಗ ಆಗಲೇ ಜರ್ಮನ್ನರ ಕೈಗೆ ಹೋಗಿದೆ. ವೈರ್‌ಲೆಸ್ ಇಲ್ಲ, ಹೇಳೋರು ಯಾರು? ಇವರ ಕಣ್ಣೆದುರೇ ಇವರ ಗುಂಡು, ಇವರ ಊಟ ಶತ್ರುವಿನ ಮಡಿಲಿಗೆ ಬೀಳ್ತಾ ಇದೆ. ಒಂದೇ ಒಂದು ಡಬ್ಬಿ ಇವರ ಹತ್ತಿರ ಬೀಳುತ್ತೆ, ಆದರೆ ಬಯಲಿನಲ್ಲಿ. ಒಬ್ಬ ಹುಡುಗ ಕಂದಕದಿಂದ ಎದ್ದು ಓಡ್ತಾನೆ. ಎಲ್ಲರೂ ಬೇಡ ಬೇಡ ಅಂತಾರೆ, ಆಮೇಲೆ ಅವರೇ ಬಾ ಬಾ ಅಂತ ಹುರಿದುಂಬಿಸ್ತಾರೆ. ಅವನು ಡಬ್ಬಿ ಎತ್ತಿ ಹೆಗಲ ಮೇಲಿಟ್ಟುಕೊಂಡು ವಾಪಸ್ ಓಡಿ ಬರ್ತಾನೆ, ಇನ್ನೇನು ಬಂದ ಅನ್ನುವಾಗ ಗುಂಡು ತಗಲುತ್ತೆ. ಡಬ್ಬಿ ಒಡೆದು ತೆರೆದುಕೊಳ್ಳುತ್ತೆ. ಒಳಗಿದ್ದದ್ದು ಗುಂಡಲ್ಲ, ಬ್ರೆಡ್ಡಲ್ಲ. ಟೋಪಿಗಳು. ಪ್ಯಾರಾಚೂಟ್ ಪಡೆಯವರ ಮೆರೂನ್ ಟೋಪಿಗಳು.

ನಮ್ಮ ಹುಡುಗನ ಮೊಬೈಲಿನಲ್ಲಿರೋದೂ ಅದೇ ಬಣ್ಣದ ಟೋಪಿ. ಬ್ರಿಟಿಷರಿಂದಲೇ ನಮ್ಮ ಪ್ಯಾರಾಚೂಟ್ ರೆಜಿಮೆಂಟಿಗೆ ಬಂದದ್ದು. ಬೆಂಗಳೂರಿನಲ್ಲೇ ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರೋದರಿಂದ ಜೆ.ಸಿ.ನಗರದ ಕಡೆ ಹೋದರೆ ಒಂದೆರಡು ಕಣ್ಣಿಗೆ ಬಿದ್ದೇ ಬೀಳುತ್ತೆ. ಡಬ್ಬಿ ತೆರೆದುಕೊಂಡಾಗ ಅವನೇನೂ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಸಿನಿಮಾದ ತಪ್ಪುಗಳೂ ಸಣ್ಣವಲ್ಲ. ಮೊದಲನೇದು, ತಾರೆಯರು. ಒಂದು ಡಜನ್ನಿಗಿಂತ ಹೆಚ್ಚು ದೊಡ್ಡ ಹೆಸರುಗಳು. ನೈಮೇಗನ್‌ನಲ್ಲಿ ಅಮೆರಿಕನ್ ಸೈನಿಕರು ಹಾಡಹಗಲೇ 26 ಕ್ಯಾನ್ವಾಸ್ ದೋಣಿಗಳಲ್ಲಿ ವಾಲ್ ನದಿ ದಾಟಿದ ಘಟನೆ ಇದೆ. ಹುಟ್ಟು ಸಾಲದೆ ರೈಫಲ್ ಹಿಡಿಯಿಂದ ನೀರು ಎಳೆದುಕೊಂಡು ಹೋದವರು ಅವರು. ಆ ದೃಶ್ಯದಲ್ಲಿ ನಾವು ಮೇಜರ್ ಕುಕ್‌ನನ್ನು ನೋಡೋದಿಲ್ಲ, ರಾಬರ್ಟ್ ರೆಡ್‌ಫರ್ಡ್‌ನನ್ನು ನೋಡ್ತೀವಿ. ಇವನು ಸಾಯೋದಿಲ್ಲ ಅಂತ ನಮಗೆ ಗೊತ್ತಿರುತ್ತೆ. ಫ್ರಾಸ್ಟ್‌ನ ಗುಂಪಿನಲ್ಲಿ ಕೈಯಲ್ಲಿ ಛತ್ರಿ ಹಿಡಿದು ಓಡಾಡುವ ಒಬ್ಬ ಮೇಜರ್ ಬರ್ತಾನೆ. (ಮಳೆಯ ಛತ್ರಿ, ನಮ್ಮ ಮಲೆನಾಡಿನ ಕೊಡೆ.) ಇದನ್ನು ಯಾರೂ ನಂಬೋದಿಲ್ಲ, ಆದರೆ ಡಿಗ್ಬಿ ಟೇಥಮ್-ವಾರ್ಟರ್ ಅನ್ನೋ ಅಧಿಕಾರಿ ನಿಜವಾಗಿ ಹಾಗೆ ಓಡಾಡಿದ್ದ. ಸಿನಿಮಾ ಅವನ ಹೆಸರು ಬದಲಿಸಿ, ಅವನನ್ನು ಸಾಯಿಸಿಬಿಡುತ್ತೆ. ಅಸಲಿ ಮನುಷ್ಯ ಸೆರೆಸಿಕ್ಕು, ತಪ್ಪಿಸಿಕೊಂಡು, ಕೀನ್ಯಾದಲ್ಲಿ ನೆಲೆಸಿ 1993ರವರೆಗೆ ಬದುಕಿದ್ದ. ಕಣ್ಣೀರಿಗಾಗಿ ಬದುಕಿದವನನ್ನು ಕೊಂದದ್ದು ನನಗೆ ಹಿಡಿಸಲಿಲ್ಲ. ಬೇಕಾದಷ್ಟು ಸತ್ತವರು ಇದ್ದರಲ್ಲ.

ಇನ್ನೂ ದೊಡ್ಡ ತಪ್ಪು ಬೇರೆ ಇದೆ. ಈ ಯೋಜನೆ ಯಾರದ್ದೋ ಆ ಮಾಂಟ್ಗೊಮರಿ ಪಾತ್ರವಾಗಿ ತೆರೆಯ ಮೇಲೆ ಬರೋದೇ ಇಲ್ಲ. ಅವನ ಹೆಸರು ಬರುತ್ತೆ, ಮುಖ ಬರೋಲ್ಲ. ಹಾಗಾಗಿ ಪಾಪವೆಲ್ಲ ಬ್ರೌನಿಂಗ್ ತಲೆಗೆ ಬೀಳುತ್ತೆ. ಡರ್ಕ್ ಬೊಗಾರ್ಡ್ ಅವನನ್ನು ತುಟಿ ಬಿಗಿಹಿಡಿದ, ಇಸ್ತ್ರಿ ಕೆಡದ ಸೊಗಸುಗಾರನ ಹಾಗೆ ಆಡಿದ್ದಾನೆ. ಬ್ರೌನಿಂಗ್‌ನ ಹೆಂಡತಿ ಕಾದಂಬರಿಕಾರ್ತಿ ಡ್ಯಾಫ್ನಿ ದು ಮೊರಿಯೇ. ಗಂಡನನ್ನು ಹೀಗೆ ತೋರಿಸಿದ್ದಕ್ಕೆ ಬಹಳ ನೊಂದುಕೊಂಡಳು. ನೊಂದದ್ದು ನ್ಯಾಯವೇ. ಇಳಿಯುವ ಜಾಗ ದೂರ ಇಟ್ಟದ್ದು, ದಿನಕ್ಕೆ ಒಂದೇ ಸಲ ವಿಮಾನ ಹಾರಿಸಿದ್ದು ಒಬ್ಬನ ತೀರ್ಮಾನಗಳಲ್ಲ. ಅವೆಲ್ಲ ಮೇಜಿನ ಸುತ್ತ ಕೂತವರು ಸೇರಿ ಮಾಡಿದ್ದು, ಪ್ರತಿಯೊಬ್ಬರಿಗೂ ಅವರವರ ಕಾರಣ ಇತ್ತು. ಆ ಮೇಜನ್ನು ಸಿನಿಮಾ ಸರಿಯಾಗಿ ತೋರಿಸಲಿಲ್ಲ. ಮೂರು ವರ್ಷ ಕಷ್ಟಪಟ್ಟು ತಯಾರಿಸಿದ ಪ್ಯಾರಾಚೂಟ್ ಪಡೆ ಇಂಗ್ಲೆಂಡಿನಲ್ಲಿ ಸುಮ್ಮನೆ ಕೂತಿದೆ, ಹಾಕಿದ ಯೋಜನೆಗಳೆಲ್ಲ ಒಂದರ ಮೇಲೊಂದು ರದ್ದಾಗಿವೆ, ಹೇಗಾದರೂ ಮಾಡಿ ಉಪಯೋಗಿಸಬೇಕು ಅನ್ನುವ ಒತ್ತಡ ಇತ್ತಲ್ಲ, ಅದು ಒಂದೆರಡು ಡೈಲಾಗಿನಲ್ಲಿ ಮುಗಿದುಹೋಗುತ್ತೆ. ನನ್ನ ಮಟ್ಟಿಗೆ ಇಡೀ ದುರಂತದ ಬೇರು ಅಲ್ಲಿದೆ. ದುಬಾರಿ ಆಯುಧ ಕೈಯಲ್ಲಿದ್ದರೆ ಅದನ್ನು ಬಳಸೋಕೆ ಒಂದು ಜಾಗ ಹುಡುಕುವ ಚಟ.

ಪೋಲೆಂಡಿನ ಸೊಸಬೊವ್ಸ್ಕಿಯ ವಿಷಯವೂ ಅರ್ಧಕ್ಕೇ ನಿಂತಿದೆ. ಜೀನ್ ಹ್ಯಾಕ್‌ಮನ್‌ನ ಆ ಗುರುಗುಟ್ಟುವ ಮುಖ ಚೆನ್ನಾಗಿದೆ. ಎಲ್ಲರೂ ಹೂಂ ಅನ್ನುವಾಗ ಜರ್ಮನ್ನರ ವಿಷಯ ಏನು ಅಂತ ಕೇಳಿದವನು ಅವನು. ಅವನ ಬ್ರಿಗೇಡನ್ನು ತಡವಾಗಿ, 21ರಂದು, ನದಿಯ ಇನ್ನೊಂದು ದಡದ ಡ್ರೀಲ್‌ನಲ್ಲಿ ಇಳಿಸಿದರು. ಅಷ್ಟೊತ್ತಿಗೆ ಸೇತುವೆ ಕೈಬಿಟ್ಟಿತ್ತು. ಸಿನಿಮಾ ಹೇಳದೇ ಇರೋದು: ಸೋತ ಮೇಲೆ ತಪ್ಪನ್ನು ಅವನ ಮೇಲೇ ಹಾಕಿದರು, ವರ್ಷ ಮುಗಿಯುವ ಮೊದಲೇ ಬ್ರಿಗೇಡಿನಿಂದ ತೆಗೆದರು. ಯುದ್ಧದ ನಂತರ ಆತ ಲಂಡನ್ನಿನಲ್ಲಿ ಫ್ಯಾಕ್ಟರಿ ಕೆಲಸ ಮಾಡಿಕೊಂಡಿದ್ದ. ಡಚ್ಚರು ಪದಕ ಕೊಟ್ಟದ್ದು 2006ರಲ್ಲಿ, ಸತ್ತು ಎಷ್ಟೋ ವರ್ಷಗಳ ಮೇಲೆ.

ಆರ್ನೆಮ್‌ಗೆ ಹೋದ ಸುಮಾರು ಹತ್ತು ಸಾವಿರ ಜನರಲ್ಲಿ ಸೆಪ್ಟೆಂಬರ್ 25ರ ರಾತ್ರಿ ನದಿ ದಾಟಿ ವಾಪಸ್ ಬಂದವರು 2,400ರ ಆಸುಪಾಸು. "ಇವ್ರು ಸೋತ್ರಲ್ಲ ಮಾವ, ಮತ್ಯಾಕೆ ಸಿನಿಮಾ ಮಾಡಿದ್ರು?" ಅಂತ ಹುಡುಗ ಕೇಳಿದ. ಅವನ ಪ್ರಕಾರ ಸಿನಿಮಾ ಮಾಡೋದು ಗೆದ್ದವರ ಬಗ್ಗೆ.

ಹಾಗಾಗಿ 'ಉರಿ'ಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆದಿತ್ಯ ಧರ್ ಕೆಲಸ ಬಲ್ಲ ನಿರ್ದೇಶಕ, ವಿಕ್ಕಿ ಕೌಶಲ್ ಒಳ್ಳೆಯ ನಟ. ಆ ಸಿನಿಮಾ ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತೆ. ನನ್ನ ತಕರಾರು ಅದು ಕಲಿಸಿದ ಒಂದು ಲೆಕ್ಕದ ಬಗ್ಗೆ. ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರು ಕತ್ತಲಲ್ಲಿ ಹೋಗ್ತಾರೆ, ಹೊಡೀತಾರೆ, ಬೆಳಗಾಗುವಷ್ಟರಲ್ಲಿ ವಾಪಸ್, ಆಮೇಲೆ ಊಟ. ಆ ಬಗೆಯ ಕೆಲಸ ನಿಜವಾಗಿ ಇದೆ, ಮಾಡೋರೂ ಇದ್ದಾರೆ. ಆದರೆ ಅದು ದಾಳಿ, ಕೆಲವೇ ಜನರ ಕೆಲಸ. ಪ್ಯಾರಾಚೂಟ್ ಪಡೆ ಹುಟ್ಟಿದ್ದು ಹಿಡಿಯೋಕೆ ಮತ್ತು ಹಿಡಿದು ಕೂರೋಕೆ, ಸಾವಿರಾರು ಜನ. ನಮ್ಮ ಸಿನಿಮಾಗಳಲ್ಲಿ ಇವೆರಡೂ ಕಲಸಿಹೋಗಿವೆ. ಮೆರೂನ್ ಟೋಪಿ ಹಾಕಿದವನೆಲ್ಲ ಒಬ್ಬನೇ ಇಪ್ಪತ್ತು ಜನರನ್ನು ಮುಗಿಸುವವನು, ಅವನಿಗೆ ಯಾರೂ ಬೇಕಾಗಿಲ್ಲ. ಯಾರೂ ಬೇಕಾಗಿಲ್ಲ ಅನ್ನುವ ಈ ಕಲ್ಪನೆಯೇ ಆರ್ನೆಮ್‌ನ ಮೇಜಿನ ಸುತ್ತಲೂ ಇತ್ತು. ಅವರು ಪ್ಯಾರಾಗಳು, ಹೇಗಾದರೂ ಮಾಡ್ಕೋತಾರೆ. ನಮ್ಮ ನೆರೆಯವರಿಗೂ ಅದೇ ಹುಚ್ಚು ಹತ್ತಿತ್ತು: 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನ ಪಠಾಣ್‌ಕೋಟ್, ಆದಂಪುರ್, ಹಲ್ವಾರಾ ವಾಯುನೆಲೆಗಳ ಮೇಲೆ ಸುಮಾರು 180 ಕಮಾಂಡೊಗಳನ್ನು ರಾತ್ರಿ ಹೊತ್ತು ಇಳಿಸಿತು. ಬಂದು ಸೇರಿಕೊಳ್ಳೋರು ಯಾರೂ ಇರಲಿಲ್ಲ. ಹೆಚ್ಚಿನವರು ಸಿಕ್ಕಿಬಿದ್ದರು, ಎಷ್ಟೋ ಜನರನ್ನು ಹಳ್ಳಿಯವರೇ ಹಿಡಿದುಕೊಟ್ಟರು.

ಇದಕ್ಕೆ ಉಲ್ಟಾ ಉದಾಹರಣೆ ನಮ್ಮದೇ ಇದೆ. ಅದರ ಮೇಲೆ ಒಂದು ಒಳ್ಳೆಯ ಸಿನಿಮಾ ಇಲ್ಲ ಅನ್ನೋದು ಆಶ್ಚರ್ಯ. 1971ರ ಡಿಸೆಂಬರ್ 11, ಬಾಂಗ್ಲಾದೇಶದ ಟಾಂಗೈಲ್. ಉತ್ತರದ ಮೈಮನ್‌ಸಿಂಗ್ ಕಡೆಯಿಂದ ಪಾಕಿಸ್ತಾನದ 93ನೇ ಬ್ರಿಗೇಡ್ ಢಾಕಾ ಕಾಯೋಕೆ ಹಿಂದೆ ಸರಿದು ಬರ್ತಾ ಇದೆ. ಅದರ ದಾರಿಯಲ್ಲಿ ಪೂಂಗ್ಲಿ ಅನ್ನೋ ಸೇತುವೆ. ಲೆಫ್ಟಿನೆಂಟ್ ಕರ್ನಲ್ ಕುಲ್ವಂತ್ ಸಿಂಗ್ ಪನ್ನು ಅವರ ನಾಯಕತ್ವದಲ್ಲಿ 2 ಪ್ಯಾರಾ ಬೆಟಾಲಿಯನ್ ಸಂಜೆ ಹೊತ್ತಿಗೆ ಅಲ್ಲಿ ಇಳಿಯಿತು. ಆರ್ನೆಮ್‌ನಲ್ಲೂ 2ನೇ ಬೆಟಾಲಿಯನ್, ಇಲ್ಲೂ 2ನೇದೇ, ಅಲ್ಲೂ ಸೇತುವೆ, ಇಲ್ಲೂ ಸೇತುವೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತೆ.

ಯಾಕಂದ್ರೆ ಆರ್ನೆಮ್‌ನಲ್ಲಿ ತಪ್ಪಿದ್ದೆಲ್ಲ ಇಲ್ಲಿ ಸರಿಯಾಗಿತ್ತು. ಆಕಾಶ ಪೂರ್ತಿ ನಮ್ಮ ಕೈಯಲ್ಲಿತ್ತು. ನೆಲದ ಸುದ್ದಿ ಗೊತ್ತಿತ್ತು: ಕ್ಯಾಪ್ಟನ್ ಪಿ.ಕೆ. ಘೋಷ್ ಅನ್ನುವ ಅಧಿಕಾರಿ ಮುಂಚೆಯೇ ಒಳಗೆ ಹೋಗಿ ಇಳಿಯುವ ಜಾಗ ನೋಡಿಕೊಂಡಿದ್ದರು. ಸುತ್ತಮುತ್ತಲಿನ ಪ್ರದೇಶ ಕಾದರ್ ಸಿದ್ದಿಕಿಯ ಮುಕ್ತಿವಾಹಿನಿಯ ಹಿಡಿತದಲ್ಲಿತ್ತು. ಗಾಳಿಗೆ ಚೆದುರಿ ಬಿದ್ದ ಸಾಮಾನುಗಳನ್ನು ಹಳ್ಳಿಯ ಜನ ಹೊತ್ತು ತಂದುಕೊಟ್ಟರು. ಆ ರಾತ್ರಿ ಸೇತುವೆ ಬಿಡಿಸಿಕೊಳ್ಳೋಕೆ ಬಂದ ಪಾಕಿಸ್ತಾನಿ ತುಕಡಿಗಳು ಸಾಕಷ್ಟು ಜನರನ್ನು ಕಳೆದುಕೊಂಡವು. ಎಲ್ಲಕ್ಕಿಂತ ಮುಖ್ಯವಾದದ್ದು, ಕಾಯುವ ಹೊತ್ತು ಕಡಿಮೆ ಇತ್ತು. ನೆಲದ ಮೇಲೆ ಬರ್ತಾ ಇದ್ದ 1 ಮರಾಠಾ ಲೈಟ್ ಇನ್‌ಫೆಂಟ್ರಿ ಮರುದಿನ ಬಂದು ಸೇರಿಕೊಂಡಿತು. ಡಿಸೆಂಬರ್ 16ಕ್ಕೆ ಢಾಕಾಗೆ ಕಾಲಿಟ್ಟ ಮೊದಲ ತುಕಡಿಗಳಲ್ಲಿ 2 ಪ್ಯಾರಾ ಇತ್ತು. ಶತ್ರುವಿನ ಬ್ರಿಗೇಡಿನ ಒಂದು ಭಾಗ ಇವರು ಇಳಿಯುವ ಮೊದಲೇ ಸೇತುವೆ ದಾಟಿ ಹೋಗಿತ್ತು, ಹಾಗಾಗಿ ಫಲ ಹೇಳಿಕೊಂಡಷ್ಟಲ್ಲ ಅನ್ನೋರೂ ಇದ್ದಾರೆ. ಇರಬಹುದು. ಲಿಂಕ್-ಅಪ್ ಅಂತೂ ಪುಸ್ತಕದಲ್ಲಿ ಬರೆದ ಹಾಗೆ ಆಯಿತು.

ಇದರಲ್ಲಿ ನಮ್ಮೂರಿನ ಒಂದು ಎಳೆ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರೋದು ಬೆಳಗಾವಿಯಲ್ಲಿ. ಹೆಸರು ಮರಾಠಾ ಆದರೂ ಉತ್ತರ ಕರ್ನಾಟಕದ ಹುಡುಗರು ಅದರಲ್ಲಿ ಮೊದಲಿನಿಂದಲೂ ಇದ್ದಾರೆ. ಅಷ್ಟೇ ಅಲ್ಲ, ಆಕಾಶದಿಂದ ಇಳಿದ 2 ಪ್ಯಾರಾ ಕೂಡ ಮೂಲದಲ್ಲಿ ಅದೇ ರೆಜಿಮೆಂಟಿನ 3ನೇ ಬೆಟಾಲಿಯನ್. 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ಕಟ್ಟಿದಾಗ ಅದಕ್ಕೆ ಸೇರಿಸಿದರು. ಅಂದರೆ ಪೂಂಗ್ಲಿಯಲ್ಲಿ ಕಾದು ಕೂತವರೂ, ನಡೆದು ಬಂದವರೂ ದಾಯಾದಿಗಳು.

ಆದರೆ ಜಗತ್ತಿಗೆ ಟಾಂಗೈಲ್ ಅಂದ್ರೆ ಒಂದು ಫೋಟೊ. ಆಕಾಶದ ತುಂಬ ಛತ್ರಿಗಳು. ಪೇಪರುಗಳಲ್ಲಿ ಬಂತು, ಇಡೀ ಬ್ರಿಗೇಡ್ ಇಳಿದಿದೆ, 5,000 ಜನ ಅಂತ ಸುದ್ದಿಯಾಯಿತು. ಇಳಿದದ್ದು ಒಂದು ಬೆಟಾಲಿಯನ್ನಿನ ಗುಂಪು, 700ರ ಆಸುಪಾಸು. ಫೋಟೊ ಟಾಂಗೈಲಿನದ್ದೂ ಅಲ್ಲ. ಆಗ್ರಾದಲ್ಲಿ ಅದಕ್ಕೂ ಮುಂಚೆ ನಡೆದ ಕವಾಯತಿನದ್ದು. ರಕ್ಷಣಾ ಇಲಾಖೆಯ ಪ್ರಚಾರ ವಿಭಾಗದಲ್ಲಿದ್ದ ರಾಮಮೋಹನ ರಾವ್ ಅವರೇ ಆಮೇಲೆ ಈ ಕತೆ ಹೇಳಿಕೊಂಡಿದ್ದಾರೆ. ಢಾಕಾದಲ್ಲಿದ್ದ ನಿಯಾಜಿಯ ಎದೆ ಕುಗ್ಗಿಸೋಕೆ ಆ ಫೋಟೊ ನೆರವಾಯಿತು ಅಂತಾರೆ. ಒಳ್ಳೆಯದೇ ಆಯ್ತು. ಆದರೆ ನೋಡಿ, ಹಾರುವ ಫೋಟೊ ಸಿಗುತ್ತೆ, ಬೇಕಾದರೆ ಬೇರೆ ಊರಿನದ್ದನ್ನೇ ತಂದು ಹಾಕಬಹುದು. ಮಾರನೇ ದಿನ ಕೆಸರಿನಲ್ಲಿ ನಡೆದು ಬಂದ ಮರಾಠಾ ಸಿಪಾಯಿಗೂ ರಾತ್ರಿಯಿಡೀ ಕಣ್ಣು ಮುಚ್ಚದ ಪ್ಯಾರಾ ಸಿಪಾಯಿಗೂ ಭೇಟಿಯಾದ ಗಳಿಗೆ ಇದೆಯಲ್ಲ, ಅದು ಯಾರ ಮೊಬೈಲಿನ ವಾಲ್‌ಪೇಪರಿನಲ್ಲೂ ಇಲ್ಲ.

ನನಗೆ ಸಿನಿಮಾ ಮಾಡೋಕೆ ದುಡ್ಡಿದ್ದರೆ ಟಾಂಗೈಲನ್ನೂ ಬಿಟ್ಟು ಸಾಂಗ್‌ಶಾಕ್ ಮಾಡ್ತಿದ್ದೆ. ಆರ್ನೆಮ್‌ಗೆ ಆರು ತಿಂಗಳ ಮುಂಚೆ, 1944ರ ಮಾರ್ಚ್. ಭಾರತದ 50ನೇ ಪ್ಯಾರಾಚೂಟ್ ಬ್ರಿಗೇಡ್ ಮಣಿಪುರದ ಆ ಗುಡ್ಡದ ಮೇಲಿತ್ತು. ಹಾರಿ ಅಲ್ಲ, ನೆಲದ ಮೇಲೇ ಹೋಗಿದ್ದು. ಇಂಫಾಲ್, ಕೊಹಿಮಾ ಕಡೆ ನುಗ್ಗುತ್ತಿದ್ದ ಜಪಾನೀಯರು ಅನಿರೀಕ್ಷಿತವಾಗಿ ಅವರ ಮೇಲೆ ಬಿದ್ದರು. ಗುಡ್ಡದ ಮೇಲೆ ನೀರಿಗೆ ತತ್ವಾರ, ಮುಳ್ಳುತಂತಿ ಇಲ್ಲ, ಕಲ್ಲುನೆಲದಲ್ಲಿ ಕಂದಕ ತೋಡೋಕಾಗೋಲ್ಲ. ವಿಮಾನದಿಂದ ಹಾಕಿದ ಸಾಮಾನಿನಲ್ಲಿ ಬಹುಪಾಲು ಜಪಾನೀಯರ ಕಡೆ ಬಿತ್ತು. ಐದಾರು ದಿನ ಹಿಡಿದರು, 26ರ ರಾತ್ರಿ ಬಿಟ್ಟುಕೊಟ್ಟು ಕಾಡಿನ ದಾರಿ ಹಿಡಿದರು. ಆ ಐದಾರು ದಿನದಲ್ಲಿ ಇಂಫಾಲ್ ಮತ್ತು ಕೊಹಿಮಾದವರಿಗೆ ಸಿದ್ಧವಾಗೋಕೆ ಸಮಯ ಸಿಕ್ಕಿತು. ಅವರ ಜೊತೆ ಆ ಗುಡ್ಡದ ಮೇಲೆ ಮರಾಠಾದ ಒಂದು ಬೆಟಾಲಿಯನ್ನೂ ಇತ್ತು. ಒಬ್ಬನೂ ವಿಮಾನದಿಂದ ಹಾರಲಿಲ್ಲ. ಆದರೂ ಪ್ಯಾರಾಚೂಟ್ ಸೈನಿಕ ಏನು ಮಾಡೋಕೆ ಇದ್ದಾನೋ ಅದನ್ನೇ ಅವರು ಮಾಡಿದ್ದು.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಹುಡುಗನಿಗೆ ಹೇಳಿದೆ. ಅರ್ಧ ಕೇಳಿಸಿಕೊಂಡ, ಅರ್ಧ ಸಾರಿಗೆ ಮೆಣಸಿನಪುಡಿ ಜಾಸ್ತಿ ಆಗಿದೆ ಅಂತ ಅತ್ತೆಗೆ ದೂರು ಹೇಳ್ತಾ ಇದ್ದ. ಮರುದಿನ ಬೆಳಿಗ್ಗೆ ಐದಕ್ಕೆ ಅಲಾರಂ ಹೊಡೆಯಿತು, ಎಂದಿನಂತೆ ಓಡೋಕೆ ಹೋದ. ವಾಲ್‌ಪೇಪರ್ ಬದಲಾಗಿಲ್ಲ, ನಾನು ನೋಡಿದೆ. ಅಕ್ಕ ಫೋನ್ ಮಾಡಿದಾಗ "ಹೇಳಿದ್ಯೇನೋ?" ಅಂದ್ಲು. ಸಿನಿಮಾ ತೋರಿಸಿದೆ ಅಂದೆ. "ಇನ್ನೊಂದ್ ಸಿನಿಮಾನಾ!" ಅಂತ ಫೋನ್ ಇಟ್ಟಳು.

ಓಡಿ ಬಂದವನು ಬೆವರು ಒರೆಸಿಕೊಳ್ಳುತ್ತಾ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ: "ಮಾವ, ಆ ಮರಾಠಾದೋರು ಎಲ್ಲಿಂದ ಬಂದಿದ್ರು?"

ಮೇಘಾಲಯದ ಗಡಿಯಿಂದ ಕಣೋ ಅಂದೆ. ಅದಕ್ಕೂ ಮುಂಚೆ ಜಮಾಲ್‌ಪುರದಲ್ಲಿ ರಾತ್ರಿಯಿಡೀ ಬಡಿದಾಡಿಕೊಂಡು.

"ನಡ್ಕೊಂಡಾ?"